ಖಾಲಿ ಜಾಗವಂತೆ!

‘ಖಾಲಿ ಬಿದ್ದಿತ್ತು, ದೇಶಕ್ಕೆ ಕೊಟ್ಟರು, ತಪ್ಪೇನು?’ ಚಳ್ಳಕೆರೆಯ ಅಮೃತಮಹಲ್ ಕಾವಲಿನ, ಅಂದರೆ ಹುಲ್ಲುಗಾವಲಿನ ಮಾತು ತೆಗೆದರೆ ಇವತ್ತಿಗೂ ಇದೇ ಉತ್ತರ. ಹೀಗನ್ನುವವರು ಕಾವಲಿನಲ್ಲಿ ಒಂದು ಮಧ್ಯಾಹ್ನವೂ ನಿಂತವರಲ್ಲ. ಹುಲ್ಲು ಒಣಗಿದ್ದರೆ ಅವರ ಕಣ್ಣಿಗೆ ಅದು ಪಾಳು. ಅದೇ ಒಣಹುಲ್ಲಿಗೆ ಕುರಿ ಬಾಯಿ ಹಾಕುತ್ತದೆ, ಅದೇ ಉಣ್ಣೆಯಾಗುತ್ತದೆ, ಮಗ್ಗಕ್ಕೇರಿ ಕಂಬಳಿಯಾಗುತ್ತದೆ. ಪಹಣಿಯಲ್ಲಿ ಕಂಬಳಿಗೆ ಕಾಲಂ ಇಲ್ಲ, ಪಾಪ.

ಮೈಸೂರು ಅರಸರು, ಟಿಪ್ಪು, ಬ್ರಿಟಿಷರು ಎಲ್ಲರೂ ದಂಡಿನ ಎತ್ತುಗಳಿಗಾಗಿ ಅಮೃತಮಹಲ್ ಕಾವಲುಗಳನ್ನು ಕಾವಲಾಗಿಯೇ ಉಳಿಸಿದರು. ಪ್ರಜೆಗಳದೇ ಸರ್ಕಾರ ಬಂದ ಮೇಲೆ ಚಳ್ಳಕೆರೆಯ ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಇನ್ನೂ ಒಂದಿಬ್ಬರಿಗೆ ಇನ್ನಷ್ಟು. ಒಟ್ಟು ಸುಮಾರು 10 ಸಾವಿರ ಎಕರೆ! ಕಾವಲಿನಂಚಿನ ದೊಡ್ಡಉಳ್ಳಾರ್ತಿ, ಕುದಾಪುರದವರಿಗೆ ವಿಷಯ ಪೂರಾ ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಊರಮ್ಮನ ಜಾತ್ರೆಗೂ ಡಂಗುರ ಸಾರುತ್ತೇವೆ. 10 ಸಾವಿರ ಎಕರೆಗೆ ಒಂದು ತಮಟೆ ಏಟೂ ಇಲ್ಲ.

ನನ್ನ ಸಿಟ್ಟು ರಾಕೆಟ್ಟಿನ ಮೇಲಲ್ಲ, ಯಜಮಾನಿಕೆಯ ಮೇಲೆ. ಇಲ್ಲಿನ ಪಶುಪಾಲಕ ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯನ್ನು ನೋಡಿ. ಇಡೀ ಹಿಂಡು ಅವನ ಸುಪರ್ದಿಯಲ್ಲಿದೆ, ಒಂದು ಕರುವೂ ಅವನದಲ್ಲ. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ. ಈ ಸೀಮೆಯವರಿಗೆ ಅಧಿಕಾರವೆಂದರೆ ಇದು: ಕಾಯಬಹುದು, ಮಾರುವಂತಿಲ್ಲ. ಕಚೇರಿಯ ಸಂಪ್ರದಾಯ ಬೇರೆ. ಅಲ್ಲಿ ಕಾಯಲು ಕೊಟ್ಟದ್ದೆಲ್ಲ ಅಪ್ಪನ ಆಸ್ತಿ.

ಹಾಗಂತ ನಮ್ಮ ರಾಜಕೀಯ ನಾಯಕರಿಗೆ ಸಂಸ್ಕೃತಿಯ ಮೇಲೆ ಭಕ್ತಿಯಿಲ್ಲ ಅನ್ನಬೇಡಿ. ಮುಟ್ಟಾದ ಹೆಣ್ಣುಮಗಳನ್ನು, ಹಸಿ ಬಾಣಂತಿಯನ್ನು ಗೊಲ್ಲರಹಟ್ಟಿಯ ಹೊರಗೆ ಗುಡಿಸಲಲ್ಲಿ ಕೂರಿಸಿದಾಗ ‘ಅದು ಅವರ ಸಂಪ್ರದಾಯ, ನಾವು ಕೈಹಾಕಬಾರದು’ ಅನ್ನುತ್ತಾರೆ. ಅದೇ ಹಟ್ಟಿಯ ಕುರಿ ಕಾವಲಿಗೆ ಹೊರಟರೆ ಸಂಪ್ರದಾಯ ಮುಗಿಯಿತು, ಅಭಿವೃದ್ಧಿ ಶುರು. ಹೆಣ್ಣನ್ನು ಹೊರಗಿಡುವ ಸಂಸ್ಕೃತಿ ಬೇಕು, ಹುಲ್ಲನ್ನು ಉಳಿಸುವ ಸಂಸ್ಕೃತಿ ಬೇಡ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಕೈಮುಗಿದು ನಿಲ್ಲುವವರೂ ಇವರೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿ ಬರಲಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಅಶೋಕನ ಶಾಸನ ಅಲ್ಲಿದೆ. ಮೊದಲು ಕ್ಷೇಮ ವಿಚಾರಣೆ, ಆಮೇಲೆ ಆಜ್ಞೆ. ಸಾಧನೆ ದೊಡ್ಡವರ ಸ್ವತ್ತಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತೂ ಉಂಟು. ಅದನ್ನೆಲ್ಲ ಚಕ್ರವರ್ತಿ ಬಯಲಿನ ಬಂಡೆಯ ಮೇಲೆ ಬರೆಸಿದ. ಕಾವಲಿನ ಆದೇಶ ಓದಬೇಕಾದರೆ ನಾವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಕಟ್ಟಿ, ಟಪಾಲು ಕಾಯಬೇಕು.