ಪ್ರತಿಜ್ಞೆ: ಹುಡುಗರಷ್ಟೇ ಮಾಡಿದರೆ ಸಾಕೇ?

2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ ದೇಶವನ್ನೇ ಕಲಕಿತು. ಮುಂದಿನ ತಿಂಗಳು, ಆಗಿನ ದೆಹಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರು ರಾಜಧಾನಿಯ ಸರ್ಕಾರಿ ಮತ್ತು ಖಾಸಗಿ ಶಾಲೆಗಳ ಹುಡುಗರೆಲ್ಲರಿಂದ ಒಂದು ಪ್ರತಿಜ್ಞೆ ಮಾಡಿಸುವುದಾಗಿ ಹೇಳಿದರು: ಹೆಣ್ಣುಮಕ್ಕಳ ಜೊತೆ ಎಂದೂ ಅನುಚಿತವಾಗಿ ನಡೆದುಕೊಳ್ಳುವುದಿಲ್ಲ ಎಂಬ ಪ್ರತಿಜ್ಞೆ. 2020ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ಯುವ ಉಪನ್ಯಾಸಕಿಯೊಬ್ಬರಿಗೆ, ಅವರ ಹಿಂದೆ ಬಿದ್ದಿದ್ದ ವ್ಯಕ್ತಿ ರಸ್ತೆಯಲ್ಲೇ ಬೆಂಕಿ ಹಚ್ಚಿದ. ಅದಾದ ಕೆಲವೇ ದಿನಗಳಲ್ಲಿ ನೆರೆಯ ಅಮರಾವತಿ ಜಿಲ್ಲೆಯ ಮಹಿಳಾ ಕಾಲೇಜೊಂದು ತನ್ನ ವಿದ್ಯಾರ್ಥಿನಿಯರಿಂದ ಬೇರೆಯೇ ಪ್ರತಿಜ್ಞೆ ಮಾಡಿಸಿತು: ಪ್ರೀತಿ ಮಾಡುವುದಿಲ್ಲ, ಪ್ರೇಮವಿವಾಹ ಆಗುವುದಿಲ್ಲ.

ಬೆಂಕಿ ಹಚ್ಚಿದವನು ಗಂಡಸು. ಆಣೆ ಇಟ್ಟವರು ಹುಡುಗಿಯರು.

ಈ ಎರಡೂ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಬೇಕು. ದೆಹಲಿಯ ಮಾತಿನ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು. ‘ಹುಷಾರಾಗಿರು, ಬೇಗ ಮನೆಗೆ ಬಾ’ ಎಂದು ಹೆಣ್ಣುಮಕ್ಕಳಿಗೆ ಮಾತ್ರ ಹೇಳಿಕೊಂಡು ಬಂದ ಸಮಾಜದಲ್ಲಿ, ಮುಖ್ಯಮಂತ್ರಿಯೊಬ್ಬರು ಹುಡುಗರ ಕಡೆ ತಿರುಗಿ ಮಾತನಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿಜ್ಞೆ ಎಂಬ ಸಾಧನ ಎಷ್ಟು ಸುಲಭವಾಗಿ ಕೈ ಬದಲಾಯಿಸುತ್ತದೆ ಎಂಬುದನ್ನು ಅಮರಾವತಿ ತೋರಿಸಿಕೊಟ್ಟಿತು. ಯಾರು ಯಾವುದಕ್ಕೆ ಹೊಣೆ ಎಂಬ ಪ್ರಶ್ನೆಯನ್ನು ಬಿಡಿಸದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ಮುಂದೆ ಚಾಚಿಸಿದರೆ, ಹೊಣೆ ಹೋಗಿ ಬೀಳುವುದು ತುಂಬ ಸಲ ದುರ್ಬಲರ ತಲೆಯ ಮೇಲೆಯೇ.

ನಮ್ಮ ಶಾಲೆಗಳಿಗೆ ಪ್ರತಿಜ್ಞೆ ಹೊಸದಲ್ಲ. ತೆಲುಗು ಲೇಖಕ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು 1962ರಲ್ಲಿ ಬರೆದ ರಾಷ್ಟ್ರೀಯ ಪ್ರತಿಜ್ಞೆಯನ್ನು, ಈ ನೆಲದವರೆಲ್ಲ ಒಡಹುಟ್ಟಿದವರು ಎಂಬ ಭಾವದ ಆ ಮಾತುಗಳನ್ನು, ಹೇಳಿಕೊಂಡೇ ತಲೆಮಾರುಗಳು ಬೆಳೆದಿವೆ. ತಂಬಾಕು ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಇದೆ. ಸ್ವಚ್ಛತೆಗೆ, ಮತದಾನಕ್ಕೆ, ಏಕತೆಗೆ ಒಂದೊಂದು ಇದೆ. ಸುತ್ತೋಲೆ ಬರುತ್ತದೆ, ಮುಖ್ಯ ಶಿಕ್ಷಕರು ಪ್ರತಿಜ್ಞಾವಿಧಿ ಬೋಧಿಸುತ್ತಾರೆ, ಫೋಟೊ ತೆಗೆದು ಮೇಲಿನ ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಲ್ಲಿಗೆ ಕೆಲಸ ಮುಗಿಯುತ್ತದೆ. ಇದರಲ್ಲಿ ಶಿಕ್ಷಕರ ತಪ್ಪು ಹುಡುಕುವುದು ಅನ್ಯಾಯ. ಬಿಸಿಯೂಟದ ಲೆಕ್ಕದಿಂದ ಹಿಡಿದು ಸಮೀಕ್ಷೆಯವರೆಗೆ ಎಲ್ಲವನ್ನೂ ಹೊತ್ತವರಿಗೆ ಹತ್ತು ನಿಮಿಷದ ಕೆಲಸ ಕೊಟ್ಟರೆ ಅವರು ಹತ್ತು ನಿಮಿಷದ ಕೆಲಸವನ್ನೇ ಮಾಡಿ ಮುಗಿಸುತ್ತಾರೆ.

ಮಾತು ಕೊಟ್ಟ ಮಕ್ಕಳು ಅದನ್ನು ಉಳಿಸಿಕೊಳ್ಳುತ್ತಾರೆಯೇ? ಈ ಪ್ರಶ್ನೆಗೆ ದೀರ್ಘವಾದ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆದಿದೆ. ಅಲ್ಲಿನ ಕೆಲವು ಚರ್ಚ್ ಸಂಘಟನೆಗಳು 1990ರ ದಶಕದಲ್ಲಿ ಹದಿಹರೆಯದವರಿಂದ ‘ಮದುವೆಯವರೆಗೂ ಲೈಂಗಿಕ ಸಂಪರ್ಕ ಬೇಡ’ ಎಂಬ ಪ್ರತಿಜ್ಞೆ ಮಾಡಿಸತೊಡಗಿದವು. ಲಕ್ಷಗಟ್ಟಲೆ ಮಕ್ಕಳು ಸಹಿ ಹಾಕಿದರು. ಹಿಂಸೆಯನ್ನು ತಡೆಯುವುದು ಅದರ ವಿಷಯವಲ್ಲ ನಿಜ. ಆದರೆ ಹರೆಯದವರ ಪ್ರತಿಜ್ಞೆಗೆ ಕಾಲಾಂತರದಲ್ಲಿ ಏನಾಗುತ್ತದೆ ಎಂದು ತಿಳಿಯಲು ಅದೊಂದು ದೊಡ್ಡ ದಾಖಲೆ. ಸಂಶೋಧಕಿ ಜಾನೆಟ್ ರೋಸೆನ್‌ಬಾಮ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷಗಳ ನಂತರ ಕೇಳಿದಾಗ ಪ್ರತಿಜ್ಞೆ ಮಾಡಿದವರಲ್ಲಿ ಶೇ 82ರಷ್ಟು ಮಂದಿ ತಾವು ಅಂಥದ್ದೊಂದು ಪ್ರತಿಜ್ಞೆ ಮಾಡಿಯೇ ಇಲ್ಲ ಎಂದರು. ಅದೇ ಬಗೆಯ ಹಿನ್ನೆಲೆಯಿಂದ ಬಂದು ಪ್ರತಿಜ್ಞೆ ಮಾಡದೇ ಇದ್ದವರ ನಡವಳಿಕೆಗೂ ಇವರ ನಡವಳಿಕೆಗೂ ಬಹುಮಟ್ಟಿಗೆ ವ್ಯತ್ಯಾಸವಿರಲಿಲ್ಲ. ಮುಖ್ಯ ವ್ಯತ್ಯಾಸವೆಂದರೆ, ಪ್ರತಿಜ್ಞೆ ಮಾಡಿದವರು ಕಾಂಡೋಮ್‌ನಂತಹ ಸುರಕ್ಷಾ ಕ್ರಮಗಳನ್ನು ಬಳಸಿದ್ದು ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಪೀಟರ್ ಬೇರ್‌ಮನ್ ಮತ್ತು ಹಾನಾ ಬ್ರುಕ್ನರ್ ಎಂಬ ಸಮಾಜಶಾಸ್ತ್ರಜ್ಞರು 2001ರಲ್ಲಿ ಕಂಡುಕೊಂಡ ಸಂಗತಿ. ಪ್ರತಿಜ್ಞೆ ಕೆಲವರ ಮೇಲೆ ಪರಿಣಾಮ ಬೀರಿದ್ದು ಹೌದು. ಆದರೆ ಯಾವ ಶಾಲೆಯಲ್ಲಿ ಅದು ಕೆಲವೇ ಮಂದಿ ತಾವಾಗಿ ಆಯ್ದುಕೊಂಡ, ಅವರಿಗೊಂದು ಗುರುತು ತಂದುಕೊಟ್ಟ ಮಾತಾಗಿತ್ತೋ ಅಲ್ಲಿ ಮಾತ್ರ. ಶಾಲೆಯಲ್ಲಿ ಬಹಳ ಮಂದಿ ಪ್ರತಿಜ್ಞೆ ಮಾಡಿದ್ದರೆ ಅದರ ಬಲವೇ ಇಳಿದುಹೋಗುತ್ತಿತ್ತು. ಇಡೀ ಶಾಲೆಯನ್ನು ಮೈದಾನದಲ್ಲಿ ನಿಲ್ಲಿಸಿ ಒಕ್ಕೊರಲಿನಿಂದ ಹೇಳಿಸುವ ನಮ್ಮ ಪದ್ಧತಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಎಲ್ಲರಿಂದಲೂ ಕಡ್ಡಾಯವಾಗಿ ಪಡೆದ ಮಾತಿನಲ್ಲಿ ಯಾರೊಬ್ಬರ ಮಾತೂ ಇರುವುದಿಲ್ಲ.

ಪ್ರತಿಜ್ಞೆಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡಬೇಕು. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದ ಬಂದೂಕುಧಾರಿಯೊಬ್ಬ 14 ಮಹಿಳೆಯರನ್ನು ಕೊಂದ. ಎರಡು ವರ್ಷಗಳ ನಂತರ ಅಲ್ಲಿನ ಗಂಡಸರೇ ‘ಬಿಳಿ ರಿಬ್ಬನ್’ ಅಭಿಯಾನ ಶುರು ಮಾಡಿದರು. ಮಹಿಳೆಯರ ಮೇಲೆ ಹಿಂಸೆ ಎಸಗುವುದಿಲ್ಲ, ಅದನ್ನು ಒಪ್ಪುವುದಿಲ್ಲ, ನೋಡಿಯೂ ಸುಮ್ಮನಿರುವುದಿಲ್ಲ ಎಂಬುದು ಅವರ ಸಂಕಲ್ಪ. ಮೂರನೆಯ ಭಾಗದಲ್ಲಿ ನಿಜವಾದ ತೂಕವಿದೆ. ‘ನಾನು ಕೆಟ್ಟವನಾಗುವುದಿಲ್ಲ’ ಎಂದು ಹೇಳುವುದಕ್ಕೆ ಯಾವ ಹುಡುಗನಿಗೂ ಕಷ್ಟವಿಲ್ಲ, ಏಕೆಂದರೆ ತಾನು ಕೆಟ್ಟವನೆಂದು ಯಾರೂ ಭಾವಿಸಿರುವುದಿಲ್ಲ. ಗೆಳೆಯರ ಗುಂಪಿನಲ್ಲಿ ಹುಡುಗಿಯೊಬ್ಬಳ ಫೋಟೊ ಕೈಯಿಂದ ಕೈಗೆ ಹೋಗುವಾಗ ‘ಬಿಡ್ರೋ, ಸಾಕು’ ಎನ್ನುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ.

ಸಮಸ್ಯೆಯ ಬೇರು ಇರುವುದೂ ಅಲ್ಲಿಯೇ. ತಾನು ಮಾಡುತ್ತಿರುವುದು ಹಿಂಸೆ ಎಂದು ಗುರುತೇ ಸಿಗದವನು ಹಿಂಸೆ ಮಾಡುವುದಿಲ್ಲ ಎಂದು ಪೂರ್ತಿ ಪ್ರಾಮಾಣಿಕವಾಗಿ ಆಣೆ ಮಾಡಬಲ್ಲ. ಹತ್ತನೆಯ ತರಗತಿಯ ಹುಡುಗನೊಬ್ಬ ದಿನವೂ ಸೈಕಲ್‌ನಲ್ಲಿ ಹುಡುಗಿಯ ಹಿಂದೆ ಬಸ್ ನಿಲ್ದಾಣದವರೆಗೆ ಹೋಗುತ್ತಾನೆ. ಅವನ ಲೆಕ್ಕದಲ್ಲಿ ಅದು ಪ್ರೀತಿ, ಗೆಳೆಯರ ಲೆಕ್ಕದಲ್ಲಿ ಲೈನ್ ಹೊಡೆಯುವುದು. ಬೇಡ ಎಂದವಳ ಬೆನ್ನು ಬಿಡದ ನಾಯಕ ಕೊನೆಗೆ ಗೆಲ್ಲುವ ಸಿನಿಮಾಗಳನ್ನೇ ಅವನು ನೋಡಿ ಬೆಳೆದಿದ್ದಾನೆ. ಮಗುವನ್ನು ಲೈಂಗಿಕ ಉದ್ದೇಶದಿಂದ ಪದೇ ಪದೇ ಹಿಂಬಾಲಿಸುವುದು 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಲೈಂಗಿಕ ಕಿರುಕುಳ ಎಂದು ಅವನಿಗೆ ಯಾರೂ ತಿಳಿಸಿಲ್ಲ. ಆ ಹುಡುಗಿ ದಾರಿ ಬದಲಿಸುತ್ತಾಳೆ, ಟ್ಯೂಷನ್ ಬಿಡುತ್ತಾಳೆ. ಮನೆಯಲ್ಲಿ ಹೇಳಿದರೆ ಶಾಲೆಯನ್ನೇ ಬಿಡಿಸಿ ಮದುವೆಯ ಮಾತೆತ್ತುತ್ತಾರೆಂಬ ಭಯಕ್ಕೆ ಬಾಯಿ ಕಟ್ಟಿಕೊಳ್ಳುತ್ತಾಳೆ. ‘ಅನುಚಿತವಾಗಿ ವರ್ತಿಸುವುದಿಲ್ಲ’ ಎಂಬ ಒಂದು ಸಾಲಿನ ಪ್ರತಿಜ್ಞೆ ಈ ಇಡೀ ಲೋಕವನ್ನು ಮುಟ್ಟುವುದೇ ಇಲ್ಲ.

ಹುಡುಗರನ್ನು ಸಂಭಾವ್ಯ ಅಪರಾಧಿಗಳೆಂದು ಮಾತ್ರ ನೋಡುವ ಪ್ರತಿಜ್ಞೆಯಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಸಾಲಿನಲ್ಲಿ ನಿಂತು ಪ್ರತಿಜ್ಞೆ ಹೇಳುತ್ತಿರುವ ಆ ಹುಡುಗರ ನಡುವೆ, ಹಾಸ್ಟೆಲ್‌ನಲ್ಲೋ ಬಂಧುವಿನ ಮನೆಯಲ್ಲೋ ನರಳಿದವನೂ ಇದ್ದಾನೆ. ಅವನ ನೋವಿಗೆ ಬಾಯಿಲ್ಲ. ಈ ಪ್ರತಿಜ್ಞೆ ಅವನ ಬಾಯನ್ನು ಇನ್ನಷ್ಟು ಬಿಗಿಯುತ್ತದೆ.

ಹಾಗಾದರೆ ಯಾವುದು ಫಲ ಕೊಡುತ್ತದೆ? ನಮ್ಮ ನಡುವೆಯೇ ಒಂದು ಗಟ್ಟಿ ಉದಾಹರಣೆ ಇದೆ. ಲಿಂಗಾನುಪಾತ ತೀರಾ ಕುಸಿದಿದ್ದ ಹರಿಯಾಣದಲ್ಲಿ, ಸೋನಿಪತ್, ಪಾನಿಪತ್, ರೋಹ್ಟಕ್, ಝಜ್ಜರ್ ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಆಯ್ದು, ಅವುಗಳಲ್ಲಿ ಸುಮಾರು ಅರ್ಧದಷ್ಟು ಶಾಲೆಗಳ ಮಕ್ಕಳ ಜೊತೆ ‘ಬ್ರೇಕ್‌ಥ್ರೂ’ ಸಂಸ್ಥೆ ಎರಡೂವರೆ ವರ್ಷ ಮಾತನಾಡಿತು. ಏಳು ಮತ್ತು ಎಂಟನೆಯ ತರಗತಿಯಲ್ಲಿದ್ದ ಹುಡುಗ, ಹುಡುಗಿಯರಿಗೆ ಮೂರು ವಾರಕ್ಕೊಮ್ಮೆ 45 ನಿಮಿಷದ ಒಂದು ತರಗತಿ. ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಅಣ್ಣನಿಗೆ ಸಿಗುವ ಯಾವುದು ತಂಗಿಗೆ ಸಿಗುವುದಿಲ್ಲ, ಯಾಕೆ ಎಂಬಂಥ ಮಾತುಕತೆ. ದಿವಾ ಧರ್, ತರುಣ್ ಜೈನ್ ಮತ್ತು ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದರು. ಲಿಂಗ ತಾರತಮ್ಯದ ಧೋರಣೆಗಳಲ್ಲಿ ಶೇ 16ರಷ್ಟು ಬದಲಾಗಿದ್ದವು, ಕಾರ್ಯಕ್ರಮ ಮುಗಿದು ಎರಡು ವರ್ಷವಾದರೂ ಆ ಬದಲಾವಣೆ ಉಳಿದಿತ್ತು. ನಡವಳಿಕೆಯ ಬದಲಾವಣೆ ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚು ಕಂಡಿತು. ಏಕೆಂದರೆ ಹುಡುಗಿಯರ ಕೈಗೆ ತಮ್ಮ ಬದುಕಿನ ತೀರ್ಮಾನಗಳು ಅಷ್ಟಾಗಿ ಸಿಕ್ಕಿರಲಿಲ್ಲ. ಎರಡೂವರೆ ವರ್ಷದ ದುಡಿಮೆಗೆ ಶೇ 16 ಕಡಿಮೆಯೆಂದು ಕಾಣಬಹುದು. ನನಗೆ ಅದು ಭರವಸೆಯ ಅಂಕಿ. ಎಷ್ಟು ನಿಧಾನದ ಕೆಲಸ ಇದು ಎಂಬುದನ್ನೂ ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಮುಂಬೈನಲ್ಲಿ ನಡೆದ ‘ಪರಿವರ್ತನ್’ ಯೋಜನೆ ಇದೇ ಮಾತುಕತೆಯನ್ನು ಕ್ರಿಕೆಟ್ ತರಬೇತುದಾರರ ಕೈಗೆ ಕೊಟ್ಟಿತು. ಹದಿನಾಲ್ಕರ ಹುಡುಗ ಮುಖ್ಯಮಂತ್ರಿಯ ಮಾತಿಗಿಂತ ತನ್ನ ಕೋಚ್‌ನ ಮಾತಿಗೆ ಹೆಚ್ಚು ಬೆಲೆ ಕೊಡುತ್ತಾನೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ನ್ಯೂಯಾರ್ಕ್ ನಗರದ 30 ಮಾಧ್ಯಮಿಕ ಶಾಲೆಗಳಲ್ಲಿ, ಆರು ಮತ್ತು ಏಳನೆಯ ತರಗತಿಯ ಮಕ್ಕಳ ನಡುವೆ ನಡೆದ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕೆಲವು ಶಾಲೆಗಳಲ್ಲಿ ತರಗತಿಯ ಪಾಠ ಮಾತ್ರ. ಕೆಲವು ಕಡೆ ಪಾಠದ ಬದಲು ಶಾಲೆಯ ಕಟ್ಟಡದ ಮೇಲೆ ಗಮನ: ಮಕ್ಕಳ ಕೈಗೆ ಶಾಲೆಯ ನಕ್ಷೆ ಕೊಟ್ಟು, ಎಲ್ಲಿ ಭಯವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಬಣ್ಣ ಹಚ್ಚಲು ಹೇಳಿದರು, ಭಯದ ಜಾಗಗಳಲ್ಲಿ ದೊಡ್ಡವರನ್ನು ನಿಲ್ಲಿಸಿದರು. ಕಟ್ಟಡದ ಮೇಲೆ ಗಮನ ಕೊಟ್ಟ ಕಡೆ ಕಿರುಕುಳ ಇಳಿಯಿತು. ಪಾಠ ಮಾತ್ರ ಇದ್ದ ಕಡೆ ಇಳಿಯಲಿಲ್ಲ. ಕಟ್ಟಡದ ಮೇಲೆ ಗಮನ ಕೊಟ್ಟ ಶಾಲೆಗಳಲ್ಲಿ ಲಿಖಿತ ಒಪ್ಪಂದವೂ ಒಂದಿತ್ತು. ಆದರೆ ಅದು ಇಡೀ ಶಾಲೆ ಒಟ್ಟಾಗಿ ಹೇಳುವಂಥದ್ದಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾದಾಗ, ಏನು ನಡೆಯಿತು, ಇನ್ನು ಮುಂದೆ ಎಷ್ಟು ದೂರ ಇರಬೇಕು, ಯಾವುದನ್ನು ಮಾಡಬಾರದು ಎಂದು ಹೆಸರು ಹಿಡಿದು ಬರೆದು, ಶಾಲೆಯ ಆಡಳಿತವೇ ನಿಗಾ ಇಡುವ ಒಪ್ಪಂದ. ಮಾತು ಕೊಟ್ಟವನು ಯಾರು, ಯಾರಿಗೆ, ತಪ್ಪಿದರೆ ಕೇಳುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟ.

ಶಾಲೆಯಲ್ಲಿ ಇಂಥ ಮಾತುಕತೆ ನಡೆಸುವ ವಿಷಯದಲ್ಲಿ ಕರ್ನಾಟಕ ಹಿಂಜರಿದದ್ದೇ ಹೆಚ್ಚು. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ ತಡೆ ಒಡ್ಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ನಿರ್ಭಯಾ ಪ್ರಕರಣದ ನಂತರ, 2013ರ ಜನವರಿಯಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ಶಾಲೆಗಳಲ್ಲಿ ಲೈಂಗಿಕತೆಯ ಶಿಕ್ಷಣ ಬೇಕೇ ಬೇಕು ಎಂದಿತು. ಕಾನೂನನ್ನು ಬಿಗಿಗೊಳಿಸುವ ಶಿಫಾರಸುಗಳನ್ನು ಸಂಸತ್ತು ಬೇಗನೆ ಎತ್ತಿಕೊಂಡಿತು, ಈ ಒಂದನ್ನು ಅಲ್ಲೇ ಬಿಟ್ಟಿತು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ, ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ಅರಿವು ಮೂಡಿಸಬೇಕೆಂದು ಶಿಕ್ಷಣ ಇಲಾಖೆಗೆ ನಿರ್ದೇಶನ ನೀಡಿತು. ಪರಸ್ಪರ ಒಪ್ಪಿ ಜೊತೆಯಾದ ಹರೆಯದ ಹುಡುಗ ಹುಡುಗಿಯರು ಕಾನೂನು ಗೊತ್ತಿಲ್ಲದೆ ಅದರ ಬಾಯಿಗೆ ಬೀಳುತ್ತಿರುವುದನ್ನು ಕಂಡು ಕೊಟ್ಟ ನಿರ್ದೇಶನ ಅದು. ಅರಿವು ಎಂದರೆ ಬೆದರಿಕೆಯಲ್ಲ. ‘ಪೋಕ್ಸೊ ಹಾಕ್ತಾರೆ, ಜೋಕೆ’ ಎಂದಷ್ಟೇ ಹೇಳಿದರೆ ಹುಡುಗ ಸಿಕ್ಕಿಬೀಳದಂತೆ ನಡೆಯುವುದನ್ನು ಕಲಿಯುತ್ತಾನೆ. ಎದುರಿನವಳಿಗೂ ಒಂದು ಮನಸ್ಸಿದೆ, ಅವಳ ‘ಬೇಡ’ ಎಂಬುದು ಮುಗಿದ ಮಾತು ಎಂಬುದನ್ನು ಕಲಿಯುವುದಿಲ್ಲ.

ಶಾಲೆಯಲ್ಲಿ ಪ್ರತಿಜ್ಞೆ ಬೇಕೆನ್ನುವವರಿಗೆ ನನ್ನ ವಿನಂತಿ ಇಷ್ಟೇ: ಮೊದಲು ದೊಡ್ಡವರು ಮಾಡಲಿ. ದೂರು ಹೇಳಿದ ಹುಡುಗಿಗೆ ‘ನೀನೇಕೆ ಆ ಕಡೆ ಹೋದೆ’ ಎಂದು ಕೇಳುವುದಿಲ್ಲವೆಂದು, ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಹಾಕುವುದಿಲ್ಲವೆಂದು, ದೂರು ಸಹೋದ್ಯೋಗಿಯ ಮೇಲಿದ್ದರೂ ದಾರಿ ತಪ್ಪಿಸುವುದಿಲ್ಲವೆಂದು ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ವಾರ್ಡನ್, ಶಾಲಾ ವಾಹನದ ಚಾಲಕ ಮಕ್ಕಳ ಎದುರು ನಿಂತು ಹೇಳಲಿ. ಮಗುವಿನ ಮೇಲಿನ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಪ್ರಕಾರ ಶಿಕ್ಷಾರ್ಹ ಎಂಬುದನ್ನು ಮಕ್ಕಳ ಕಿವಿಗೆ ಬೀಳುವಂತೆ ಹೇಳಲಿ. ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುತ್ತಿದೆ. ಹಾಗಿರುವಾಗ, ಮಕ್ಕಳಿಗೆ ಮೊದಲು ಬೇಕಾದದ್ದು ನಂಬಿ ಹೇಳಿಕೊಳ್ಳಬಹುದಾದ ಒಬ್ಬ ದೊಡ್ಡವರು.

ನ್ಯೂಯಾರ್ಕ್ ಶಾಲೆಗಳಲ್ಲಿ ನಡೆದಂಥ ನಕ್ಷೆಯ ಕೆಲಸಕ್ಕೆ ನಮ್ಮಲ್ಲಿ ವೇದಿಕೆ ಆಗಲೇ ಇದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನವೆಂಬರ್ ಸುಮಾರಿಗೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲೆಯ ಪಕ್ಕ ಮದ್ಯದಂಗಡಿ ಇದೆ, ಸಂಜೆಗೆ ಬಸ್ಸಿಲ್ಲ ಎಂದು ಮಕ್ಕಳು ಅಲ್ಲಿ ಎದ್ದು ನಿಂತು ಕೇಳುತ್ತಾರೆ. ಸಭೆಗೆ ಒಂದು ತಿಂಗಳು ಮೊದಲು ಪ್ರತಿ ಪ್ರೌಢಶಾಲೆಯಲ್ಲೂ ಹುಡುಗಿಯರು ಬೇರೆ, ಹುಡುಗರು ಬೇರೆ ಕೂತು, ಹೆಸರು ಬರೆಯದೆ, ತಮ್ಮ ಭಯದ ಜಾಗಗಳನ್ನು ಗುರುತಿಸಲಿ: ನೀರಿನ ಟ್ಯಾಂಕಿನ ಹಿಂಭಾಗ, ಸೈಕಲ್ ನಿಲ್ಲಿಸುವ ಜಾಗ, ಕಬ್ಬಿನ ಗದ್ದೆಯ ನಡುವಿನ ದಾರಿ, ಬಸ್ಸಿನ ಹಿಂದಿನ ಬಾಗಿಲು. ಆ ನಕ್ಷೆಯ ಒಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಒಂದು ಬಸ್ ಡಿಪೊ ವ್ಯವಸ್ಥಾಪಕರಿಗೆ, ಒಂದು ಠಾಣೆಗೆ ಹೋಗಲಿ. ಮುಂದಿನ ವರ್ಷದ ಸಭೆಯಲ್ಲಿ, ಹಿಂದಿನ ನಕ್ಷೆಯಲ್ಲಿದ್ದ ಜಾಗಗಳಲ್ಲಿ ಯಾವ ಯಾವುದು ಸರಿಹೋಗಿದೆ ಎಂದು ಅವರು ಮೂವರೂ ಮಕ್ಕಳಿಗೆ ಲೆಕ್ಕ ಒಪ್ಪಿಸಬೇಕು.