ಗೊತ್ತಿರುವುದೂ ಮಾಡಿರುವುದೂ

ನೆತ್ತಿಗೆ ವಿದ್ಯುದ್ವಾರಗಳನ್ನು ಅಂಟಿಸಿ, ಅಪರಿಚಿತ ಚಿತ್ರಗಳ ನಡುವೆ ಗುರುತಿನದೊಂದನ್ನು ತೋರಿಸಿದರೆ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. 1965ರಲ್ಲಿ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ವರದಿ ಮಾಡಿದ ಪಿ300 ಇದು. ಕೆಲವೇ ಮೈಕ್ರೋವೋಲ್ಟ್‌ಗಳ ಅಲೆ. ಮತ್ತೆ ಮತ್ತೆ ತೋರಿಸಿ ಸರಾಸರಿ ತೆಗೆದರಷ್ಟೇ ಕಾಣುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಇದರಿಂದ ಅಪರಾಧಿಯನ್ನು ಹಿಡಿಯುತ್ತೇವೆ ಎಂದು ಹೊರಟಲ್ಲಿ ತಕರಾರು.

ಆರೋಪಿಗೆ ವಾಕ್ಯಗಳನ್ನು ಕೇಳಿಸಿ ಮಿದುಳಿನ ಅಲೆ ಅಳೆಯುವ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಮುಕುಂದನ್ ರೂಪಿಸಿದ ‘ಬಿಯೋಸ್’ ಪರೀಕ್ಷೆಯನ್ನು 2008ರಲ್ಲಿ ಪುಣೆಯ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯೇ ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದೆಂದಿತು.

ಈ ಪರೀಕ್ಷೆಯನ್ನು ನಮ್ಮ ಕರಾವಳಿಯಲ್ಲಿಟ್ಟು ನೋಡಿ. ಭಟ್ಕಳದಲ್ಲಿ ಬೆಳಿಗ್ಗೆ ಏನಾದರೂ ನಡೆದರೆ, ಮೀನುಪೇಟೆ ಮುಗಿಯುವುದರೊಳಗೆ ಸುದ್ದಿ ಶಿರಾಲಿ, ಮುರ್ಡೇಶ್ವರ ದಾಟಿ ಹೊನ್ನಾವರ ಮುಟ್ಟಿರುತ್ತದೆ. ಯಾವ ಕತ್ತಿ, ಯಾವ ಬಾಗಿಲು, ಯಾರ ಅಂಗಡಿಯ ಪಕ್ಕ, ಎಲ್ಲವೂ ಎಲ್ಲರಿಗೂ ಗೊತ್ತು. ಯಾರ ತಲೆಯಲ್ಲಿ ಅಲೆ ಏಳುವುದಿಲ್ಲ? ಕೇಳಿ ತಿಳಿದದ್ದನ್ನೂ ಅನುಭವಿಸಿದ್ದನ್ನೂ ಬಿಯೋಸ್ ಬೇರ್ಪಡಿಸುತ್ತದೆ ಎಂಬುದು ಅದರ ಪರವಾದಿಗಳ ಉತ್ತರ. ಆದರೆ ಆ ಬೀದಿ, ಆ ಅಂಗಡಿ ಆರೋಪಿಗೂ ನಿತ್ಯದ ಅನುಭವವೇ. ಅಲ್ಲಿ ನಿಂತು ಮೀನು ಕೊಂಡವನೇ ಅವನು.

ಭಾಷೆಯ ತೊಡಕೂ ಉಂಟು. ‘ಸಾರಿಗೆ ಹುಳಿ ಹಾಕಿದಳು’ ಎಂಬಲ್ಲಿ ‘ಮೊಳೆ ಹಾಕಿದಳು’ ಎಂದರೆ 400 ಮಿಲಿಸೆಕೆಂಡಿನ ಹೊತ್ತಿಗೆ ಬೇರೊಂದು ಅಲೆ ಏಳುತ್ತದೆ. 1980ರಲ್ಲಿ ಕುಟಾಸ್ ಮತ್ತು ಹಿಲ್ಯಾರ್ಡ್ ತೋರಿಸಿದ ಎನ್400. ಅರ್ಥಕ್ಕೆ ಮಿದುಳು ಇಷ್ಟು ಸೂಕ್ಷ್ಮವಾಗಿದ್ದರೆ, ಮನೆಯಲ್ಲಿ ನವಾಯತಿ ಆಡುವ ಭಟ್ಕಳದವನಿಗೂ ಹವ್ಯಕ ಕನ್ನಡದ ಕುಮಟಾದವನಿಗೂ ಒಂದೇ ಶಿಷ್ಟ ವಾಕ್ಯ ಕೇಳಿಸಿ ಅಲೆಗಳನ್ನು ಹೋಲಿಸುವುದು ಎಷ್ಟು ಸರಿ?

2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ಪರೀಕ್ಷೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲವೆಂಬ 20(3)ನೇ ವಿಧಿ ಮುಖ್ಯ ಆಧಾರ. ಒಳ್ಳೆಯದೇ. ಆದರೆ ‘ತಪ್ಪು ಮಾಡದಿದ್ದರೆ ಹೆದರಿಕೆ ಯಾಕೆ’ ಎಂದು ಊರೇ ಕೇಳುವಾಗ ಕೊಟ್ಟ ಸಹಿಯನ್ನು ಒಪ್ಪಿಗೆಯೆನ್ನಲು ನನಗೆ ಮನಸ್ಸಿಲ್ಲ. ಅಲ್ಲದೆ, ಮನಸಾರೆ ಒಪ್ಪಿದ ಮಾತ್ರಕ್ಕೆ ಅಳತೆ ಸರಿಯಾಗುವುದೂ ಇಲ್ಲ. ಆರೋಪಿಗೆ ಕೇಳಿಸುವ ವಾಕ್ಯಗಳನ್ನು, ಸುದ್ದಿ ಮಾತ್ರ ಕೇಳಿದ ಅದೇ ಕೇರಿಯ ಹತ್ತಿಪ್ಪತ್ತು ಜನರಿಗೂ ಮೊದಲು ಕೇಳಿಸಲಿ. ಅವರಲ್ಲೂ ಅದೇ ಅಲೆ ಎದ್ದರೆ ಆ ವಾಕ್ಯಗಳನ್ನು ಕಡತದಿಂದ ತೆಗೆಯಬೇಕು.