ಹಿಮವಿಲ್ಲದ ನಾಡಿನ ಫೋಟೋಗಳು

ಹವಾಮಾನ ಬದಲಾವಣೆಯ ಬಗ್ಗೆ ಯಾರೇ ಬರೆಯಲಿ, ಪಕ್ಕದಲ್ಲೊಂದು ಕರಗುವ ಹಿಮಗಡ್ಡೆಯ ಚಿತ್ರ ಬಂದು ಕೂರುತ್ತದೆ. ಇಲ್ಲವೇ ಬಿರುಕುಬಿಟ್ಟ ಕೆರೆಯಂಗಳ. ಮೊದಲನೆಯದು ನಮ್ಮದಲ್ಲ. ಎರಡನೆಯದು ಯಾವ ಕೆರೆ, ಯಾವ ತಿಂಗಳು ಎಂದು ಕೇಳಿದರೆ ಉತ್ತರವಿಲ್ಲ. ಇಂಥವನ್ನು ದಾಖಲೆ ಎಂದು ಕರೆಯುವುದನ್ನು ನಾವು ಮೊದಲು ನಿಲ್ಲಿಸಬೇಕು.

ಹಿಮನದಿಯ ಚಿತ್ರಗಳಿಗೆ ಬಲ ಬಂದದ್ದು ಹಿಮದ ಚೆಲುವಿನಿಂದಲ್ಲ. ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ಬಾಲೋಗ್ 2007ರಲ್ಲಿ ‘ಎಕ್ಸ್‌ಟ್ರೀಮ್ ಐಸ್ ಸರ್ವೆ’ ಶುರುಮಾಡಿ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾಗಳ ಹಿಮನದಿಗಳೆದುರು ಕ್ಯಾಮೆರಾ ನೆಟ್ಟರು. ಬೆಳಕಿರುವಷ್ಟು ಹೊತ್ತು, ವರ್ಷಗಟ್ಟಲೆ, ಅವು ಒಂದೇ ನೋಟವನ್ನು ತೆಗೆಯುತ್ತ ಹೋದವು. ಬಿಡಿಯಾಗಿ ನೋಡಿದರೆ ಸಪ್ಪೆ ಚಿತ್ರಗಳು. ಸಾಲಾಗಿ ಜೋಡಿಸಿದಾಗ ಹಿಮನದಿ ಹಿಂದೆ ಸರಿಯುವುದು ಕಣ್ಣಿಗೆ ಕಂಡಿತು.

2017ರ ಹಸಿದ ಹಿಮಕರಡಿಯ ವಿಡಿಯೋ ಇದಕ್ಕೆ ತದ್ವಿರುದ್ಧ. ಜಗತ್ತು ಮರುಗಿತು. ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೇ, ಆ ಕರಡಿಯ ಸ್ಥಿತಿಗೆ ಹವಾಮಾನ ಬದಲಾವಣೆಯನ್ನು ಖಚಿತವಾಗಿ ತಳುಕು ಹಾಕಿದ್ದು ಅತಿಯಾಯಿತೆಂದು ಒಪ್ಪಿಕೊಂಡಿತು. ಕರಡಿ ಸೊರಗಿದ್ದು ನಿಜ. ಏಕೆಂದು ಆ ಚಿತ್ರ ಹೇಳಲಾರದು.

ಈಗ ಮೈಸೂರಿಗೆ ಬನ್ನಿ. ಕಾವೇರಿಗೆ ಹಿಮದ ಹಂಗಿಲ್ಲ, ಮಳೆಯೇ ಮೂಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ 30ಕ್ಕೇ ಬಾಗಿನ ಬಿಟ್ಟದ್ದಾಯಿತು. ಬತ್ತಿದ ಕಟ್ಟೆಯ ಫೋಟೋ ಹಂಚಿದವರಿಗೆ ಎಲ್ಲ ಮುಗಿದಂತೆ ಕಂಡಿತು, ಬಾಗಿನದ ಫೋಟೋ ಹಂಚಿದವರಿಗೆ ಎಲ್ಲ ಸರಿಹೋದಂತೆ. ಎರಡೂ ಸಾಕ್ಷಿಯಲ್ಲ. ಕಟ್ಟೆಯ ನೀರಿನ ಮಟ್ಟದಲ್ಲಿ ಮಳೆಯ ಜೊತೆಗೆ ನಾಲೆಗೆ ಬಿಟ್ಟದ್ದು, ತಮಿಳುನಾಡಿಗೆ ಹರಿಸಿದ್ದು ಎಲ್ಲವೂ ಸೇರಿರುತ್ತದೆ. ಹವಾಮಾನ ತಜ್ಞರು ಸರಾಸರಿ ತೆಗೆಯುವುದು ಮೂವತ್ತು ವರ್ಷಗಳಿಗೆ. ನಾವು ತೀರ್ಪು ಕೊಡುವುದು ಒಂದು ಮಧ್ಯಾಹ್ನದ ಫೋಟೋ ನೋಡಿ.

ಮಳೆ ಮಾಪನದ ಅಂಕಿಗಳಿರುವಾಗ ಫೋಟೋ ಏಕೆ ಎಂದು ಕೇಳಬಹುದು. ಅಂಕಿ ಹೇಳುವುದು ಯಾರೋ ಅಳೆಯಬೇಕೆಂದು ಮೊದಲೇ ತೀರ್ಮಾನಿಸಿದ್ದನ್ನು ಮಾತ್ರ. ನೀರು ಸರಿದಲ್ಲಿ ಯಾವ ಕಳೆ ಬೆಳೆಯಿತು, ಯಾರು ಏನು ಬಿತ್ತಿದರು, ಯಾವ ಚರಂಡಿ ಬಂದು ಸೇರಿತು, ಯಾವ ಗೋಡೆ ಎದ್ದಿತು? ಯಾರೂ ಲೆಕ್ಕವಿಡದ ಇವೆಲ್ಲ ಫೋಟೋದ ಮೂಲೆಯಲ್ಲಿ ತಾವಾಗಿ ಉಳಿಯುತ್ತವೆ. ಮುಂದೆ ನೋಡುವವರಿಗೆ ಬೇಕಾಗುವುದು ಆ ಮೂಲೆಯೇ ಇರಬಹುದು. ‘ಒಳ್ಳೆಯ’ ಫೋಟೋ ತೆಗೆಯುವ ಹುಕಿಯಲ್ಲಿ ನಾವು ಮೊದಲು ಕತ್ತರಿಸಿ ಎಸೆಯುವುದೂ ಅದನ್ನೇ.

ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆಯಿದೆ. ಅಲ್ಲಿಗೆ ಉದ್ದದ ಲೆನ್ಸುಗಳು ಬರುವುದು ಹೆಜ್ಜಾರ್ಲೆಗಾಗಿ, ಸೂರ್ಯಾಸ್ತಕ್ಕಾಗಿ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಏರಿಯ ಮೇಲೆ ಒಂದು ಕಲ್ಲಿಗೆ ಗುರುತು ಹಾಕಿ, ಪ್ರತಿ ತಿಂಗಳ ಒಂದನೇ ತಾರೀಖು ಅಲ್ಲೇ ನಿಂತು, ಅದೇ ದಿಕ್ಕಿಗೆ ಒಂದು ಫೋಟೋ ತೆಗೆಯಲು ಏನು ಕಷ್ಟ? ಕೆಳಗೆ ದಿನಾಂಕ, ಸಮಯ, ಆ ತಿಂಗಳ ಮಳೆ, ತೂಬು ತೆರೆದಿತ್ತೇ ಇಲ್ಲವೇ ಎಂಬುದನ್ನು ಬರೆದರಾಯಿತು. ಕೆರೆ ಬದಲಾದದ್ದು ಆಕಾಶದಿಂದಲೋ ಊರಿನಿಂದಲೋ ಎಂದು ಬಿಡಿಸಿ ನೋಡಲು ಆಗ ಒಂದು ಆಧಾರವಾದರೂ ಇರುತ್ತದೆ.

ಲೈಕುಗಳು ಬರುವುದಿಲ್ಲ, ಬಹುಮಾನವಂತೂ ಇಲ್ಲ. ಬದಲಾಗಬೇಕಾದದ್ದು ಅದೇ. ನಮ್ಮ ಕಾಲೇಜುಗಳ ಪರಿಸರ ದಿನದ ಫೋಟೋ ಸ್ಪರ್ಧೆಗಳು ಮುಂದಿನ ವರ್ಷ ‘ಅತ್ಯುತ್ತಮ ಚಿತ್ರ’ವನ್ನು ಕೇಳದಿರಲಿ. ಒಂದೇ ಜಾಗದ, ಹನ್ನೆರಡು ತಿಂಗಳ, ಹನ್ನೆರಡು ಚಿತ್ರಗಳನ್ನು ಕೇಳಲಿ.